ಧೂಳಿನಲ್ಲಿ ನಾಲ್ಕು ಬೆರಳು

ಅಕ್ಟೋಬರ್ ೯, ಗುರುವಾರ

ಬೆಳಗಿನಿಂದ ಆ ಕೈ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಾವು ನೋಡುತ್ತಿರುವ ನೀಹಾರಿಕೆ ಎಂದರೆ ಸಾಯುವ ನಕ್ಷತ್ರ ಉಗುಳಿದ ಧೂಳು. ಕಣ್ಣಿಗೆ ಕಾಣದು, ಅವಕೆಂಪಿನಲ್ಲಿ, ಅಂದರೆ ಇನ್‌ಫ್ರಾರೆಡ್ಡಿನಲ್ಲಿ, ಅದು ಬಿಡುವ ಕಾವನ್ನಷ್ಟೇ ನಮ್ಮ ಕ್ಯಾಮೆರಾ ಹಿಡಿಯುತ್ತದೆ. ಆ ನೀಹಾರಿಕೆಯ ಉಂಗುರದಲ್ಲಿ ಧೂಳೇ ಇಲ್ಲದ ಕಪ್ಪು ಜಾಗ ಸಿಕ್ಕಿತೆಂದು ಹೋದ ವಾರ ಕುಣಿದಾಡಿದ್ದೆ. ಇಂದು ಹಿಗ್ಗಿಸಿ ನೋಡಿದರೆ ಅದಕ್ಕೆ ಅಂಗೈಯ ಆಕಾರ. ಮಸುಕು, ಆದರೂ ನಾಲ್ಕು ಬೆರಳು. ಕಿರುಬೆರಳಿಲ್ಲ.

ನಾವೆಲ್ಲ ಮಾಮ ಎನ್ನುತ್ತಿದ್ದ, ನಮ್ಮ ವೀಕ್ಷಣಾಲಯದ ಮೆಕ್ಯಾನಿಕ್ಕಿಗೂ ಕಿರುಬೆರಳಿರಲಿಲ್ಲ.

ಆಕಾಶದ ಚಿತ್ರದಲ್ಲಿ ಕ್ಯಾಮೆರಾದ ಸ್ವಂತ ಕಾವೂ ಸೇರಿರುತ್ತದೆ. ಅದನ್ನು ತೆಗೆದುಹಾಕಲು ಮುಚ್ಚಳ ಹಾಕಿ ಇನ್ನೊಂದು ಚಿತ್ರ ತೆಗೆದು, ಮೊದಲಿನದರಿಂದ ಅದನ್ನು ಕಳೆಯಬೇಕು. ಮುಚ್ಚಳದ ಚಿತ್ರ ಮಾಮನ ಕೆಲಸ. ತೆಗೆಯುವ ಮುಂಚೆ ಮುಚ್ಚಳದ ಮೇಲೆ ಕೈಯಿಟ್ಟು, "ಸರಿಯಾಗಿ ನೋಡಪ್ಪ, ಮರ್ಯಾದೆ ತೆಗೀಬೇಡ" ಅನ್ನುತ್ತಿದ್ದರು. ತಗಡಿಗೆ ಅಂಟಿದ ಅವರ ಕೈಯ ಕಾವು ಆ ಚಿತ್ರಕ್ಕೂ ಬಂದಿದೆ. ಅವರು ತೀರಿಕೊಂಡು ತಿಂಗಳಾಯಿತು. ಸೋಮಾರಿ ನಾನು, ಹೊಸದು ತೆಗೆಯದೆ ಅವರು ತೆಗೆದಿಟ್ಟ ಹಳೆಯದನ್ನೇ ನೀಹಾರಿಕೆಯ ಚಿತ್ರದಿಂದ ಕಳೆದುಬಿಟ್ಟಿದ್ದೆ. ಕೈಯಿದ್ದಲ್ಲಿ ಧೂಳು ಮಾಯ.

ನನ್ನ ಸಂಶೋಧನೆಗೆ ಗೈಡ್ ಆಗಿರುವ ಮೇಷ್ಟ್ರಿಗೆ ಹೇಳಿದೆ. ಆ ಕಪ್ಪು ಜಾಗದ ಬಗ್ಗೆ ಲೇಖನ ಆಗಲೇ ಪತ್ರಿಕೆಗೆ ಕಳಿಸಿಯಾಗಿತ್ತು. ಬೈಯಲಿಲ್ಲ. "ವಾಪಸ್ ತಗೊಳ್ಳೋಣ. ಮುಚ್ಚಳದ ಚಿತ್ರ ಹೊಸದಾಗಿ ನೀನೇ ತೆಗಿ. ಮುಟ್ಟಬೇಡ, ಅಷ್ಟೇ" ಅಂದರು.

ಸಂಜೆ ಕ್ಯಾಮೆರಾದ ಬಳಿಗೆ ಕೈಗಳನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಆದರೂ ಗುಂಡಿ ಒತ್ತುವ ಹೊತ್ತಿಗೆ ಬಲಗೈ ತಾನಾಗಿಯೇ ಹೋಗಿ ಮುಚ್ಚಳದ ಮೇಲೆ ಕೂತಿತ್ತು. ಬಾಯಿ ಏನೋ ಗೊಣಗುತ್ತಿತ್ತು.

ಹೊಸ ಚಿತ್ರದಲ್ಲೂ ಅಂಗೈ ಬಿದ್ದಿದೆ. ನನ್ನದೇ ಇರಬೇಕು. ಬೆರಳು ಎಣಿಸಲು ಧೈರ್ಯ ಬರಲಿಲ್ಲ, ಕಂಪ್ಯೂಟರ್ ಆಫ್ ಮಾಡಿ ಬಂದೆ.