ಹಳದಿಯಾದ ತೊಟ್ಟಿ

ಗುಲಾಬಿ ಬೆಳೆಯುವ ಪಾಲಿಹೌಸ್ ಹಿಂದಿನ ಕೋಣೆ,
ಗುರುವಾರ ಮಧ್ಯಾಹ್ನ

ಮುಖ ಮರೆಸಿಕೊಂಡು ಅಕ್ಕನ ಮನೆ ಸೇರಿದ ನನ್ನ ಯಜಮಾನರಿಗೆ,

ಕೊನೆಗೂ ತೊಟ್ಟಿ ನೀರು ಹಳದಿಯಾಯಿತು ಕಣ್ರೀ. ತಾಳಿ, ಮೊದಲು ಆರೋಗ್ಯ ಕೇಳಬೇಕಲ್ಲ. ತಲೆಸುತ್ತು ಹೇಗಿದೆ? ಕೈನಡುಕ ನಿಂತಿತಾ? ಮಾತ್ರೆ ನುಂಗುತ್ತಿದ್ದೀರೋ, ದಿಂಬಿನ ಕೆಳಗೆ ಕೂಡಿಡುತ್ತಿದ್ದೀರೋ? ನಿಮ್ಮ ಗೊರಕೆ ಇಲ್ಲದೆ ನಿದ್ದೆಯೇ ಬರುತ್ತಿಲ್ಲ ಅಂತ ಬರೆಯೋಣ ಅಂದುಕೊಂಡೆ. ಸುಳ್ಳು ಯಾಕೆ, ಚೆನ್ನಾಗೇ ಬರುತ್ತಿದೆ.

ಹುಳದ ಔಷಧಿ ಕ್ಯಾನು ನಿಮ್ಮ ಕೈಜಾರಿ ನೀರಿನ ತೊಟ್ಟಿಗೆ ಬಿತ್ತು, ಎತ್ತಲು ಹೋಗಿ ನೀವೂ ಬಿದ್ದಿರಿ. ಜೀವ ಉಳಿಯಿತಲ್ಲ, ಅಷ್ಟು ಸಾಕಿತ್ತು ನನಗೆ. ನೀವು ಮಾತ್ರ "ಗುಲಾಬಿ ಗಿಡಕ್ಕೆಲ್ಲ ಇದ್ದದ್ದು ಅದೊಂದೇ ನೀರು, ಹಾಳು ಮಾಡ್ಬಿಟ್ಟೆ, ಇನ್ನು ಅಲ್ಲಿಗೆ ಬರಲ್ಲ" ಅಂತ ಆಸ್ಪತ್ರೆಯಿಂದ ಸೀದಾ ಅಕ್ಕನ ಮನೆಗೇ ಹೋದಿರಿ. ಇಲ್ಲಿ ಮಾಲೀಕರು ತೊಟ್ಟಿಗೆ ಮಣ್ಣು ತುಂಬಿ ಪಾಲಿಹೌಸ್ ಮುಚ್ಚುವ ಮಾತಾಡಿದರು. ಅಷ್ಟರಲ್ಲಿ ಸುದ್ದಿ ಕೇಳಿ ಕಾಲೇಜಿನಿಂದ ಒಬ್ಬರು ಕೆಮಿಸ್ಟ್ರಿ ಮೇಡಂ ಬಂದರು. ಒಂದು ಬಕೆಟ್ ವಿಷದ ನೀರಿಗೆ ಚಿಟಿಕೆ ಬಿಳಿ ಪುಡಿ ಹಾಕಿ, "ನೋಡ್ಕೊಳ್ತಾ ಇರಿ" ಅಂತ ನನಗೆ ಹೇಳಿ ಹೋದರು. ಏನನ್ನು ನೋಡಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ಹೊತ್ತಿಗೆ ನೀರು ಅರಿಶಿನ ಕದಡಿದ ಹಾಗೆ ಹಳದಿ. ವಿಷ ಕೆರಳಿತು ಅಂತಲೇ ಅಂದುಕೊಂಡೆ. ಯಾರೂ ಮುಟ್ಟದಿರಲಿ ಅಂತ ಬಕೆಟ್ ಮೇಲೆ ಹಲಗೆ ಮುಚ್ಚಿ, ಹಲಗೆ ಮೇಲೆ ನಾನೇ ಕೂತೆ. ನನ್ನ ತೂಕ ನಿಮಗೆ ಗೊತ್ತಲ್ಲ, ಮುಚ್ಚಳ ಭದ್ರವಾಗಿತ್ತು. ಮೇಡಂ ವಾಪಸ್ ಬಂದವರೇ, "ಏನಮ್ಮಾ, ನನ್ನ ಪರೀಕ್ಷೆ ಮೇಲೆ ಕೂತ್ಬಿಟ್ಟಿದ್ದೀರಾ?" ಅಂದರು. ಹಲಗೆ ಸರಿಸಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಳದಿ ಬಂದರೆ ವಿಷ ಮುರಿದ ಗುರುತಂತೆ, ಮುರಿದ ಚೂರಿನ ಬಣ್ಣವೇ ಅದಂತೆ.

ಮೇಡಂ ವಿವರಿಸಿದ್ದರಲ್ಲಿ ನನಗೆ ತಿಳಿದಷ್ಟು ಹೇಳುತ್ತೇನೆ. ಆ ವಿಷದ ನಡುವೆ ರಂಜಕದ, ಅದೇ ಫಾಸ್ಫರಸ್ ಅಂತಾರಲ್ಲ, ಅದರ ಗಂಟೊಂದಿದೆ. ನೀರು ಹೋಗಿ ಹೊಡೆದರೆ ಗಂಟು ಬಿಚ್ಚುತ್ತದೆ. ಆದರೆ ಬರೀ ನೀರಿಗೆ ಧೈರ್ಯ ಸಾಲದು, ನನ್ನನ್ನು ಕೇಳಲು ಬಂದ ದಿನ ಬಾಗಿಲಲ್ಲೇ ನಿಂತಿದ್ದಿರಲ್ಲ, ಹಾಗೆ ನಿಂತುಬಿಡುತ್ತದೆ. ಪುಡಿಯೊಳಗಿನ ಸತುವಿನ ಕಣ ಥೇಟ್ ಅವತ್ತು ನಿಮ್ಮನ್ನು ಒಳಕ್ಕೆ ತಳ್ಳಿದ ನಿಮ್ಮ ಸೋದರಮಾವ. ಒಂದು ಕೈಯಲ್ಲಿ ಗಂಟನ್ನು ಜಗ್ಗಿ ಸಡಿಲ ಮಾಡುತ್ತದೆ, ಇನ್ನೊಂದು ಕೈಯಲ್ಲಿ ನೀರನ್ನು ಮುಂದಕ್ಕೆ ತಳ್ಳುತ್ತದೆ. ಗಂಟು ಬಿಚ್ಚಿದ ಮೇಲೆ ತಾನೊಂದು ಚೂರೂ ಸವೆಯದೆ ಮುಂದಿನ ಗಂಟಿಗೆ ಹೋಗುತ್ತದೆ. ಸೋದರಮಾವ ಊಟ ಮುಗಿಸಿಕೊಂಡು ಹೋದರು, ಅಷ್ಟೇ ವ್ಯತ್ಯಾಸ.

ನಮ್ಮ ಮೈಯೊಳಗಿನ ಡಿಎನ್‌ಎ ಸರವನ್ನೂ ಇಂಥದೇ ರಂಜಕದ ಗಂಟುಗಳು ಹಿಡಿದಿವೆಯಂತೆ. ಕೇಳಿದ್ದೇ ಕೈ ಹಿಂದಕ್ಕೆಳೆದುಕೊಂಡೆ. "ಹಾಗಾದ್ರೆ ಈ ಪುಡಿ ತಾಗಿದ್ರೆ ನಾನು ಬಿಚ್ಕೊಂಡ್ ಹೋಗ್ತೀನಾ ಮೇಡಂ?" "ಇಲ್ಲಮ್ಮಾ, ಆ ಗಂಟು ತುಂಬಾ ಬಿಗಿ, ಈ ಪುಡಿಗೆ ಜಗ್ಗಲ್ಲ." ಅದನ್ನೂ ಬೇಕಾದ ಜಾಗದಲ್ಲೇ ಕತ್ತರಿಸುವ ಲೋಹ ಹುಡುಕುತ್ತಿದ್ದಾರಂತೆ, ಮುಂದೆ ಕಾಯಿಲೆಗಳಿಗೆ ಉಪಯೋಗಕ್ಕೆ ಬರಬಹುದಂತೆ. ನಿಮ್ಮ ಮೊಂಡುತನ ಯಾವ ಗಂಟಿನಲ್ಲಿದೆ ಅಂತ ಕೇಳಬೇಕೆಂದಿದ್ದೆ, ಮರೆತೆ.

ಆಮೇಲೆ ತೊಟ್ಟಿಗೇ ಪುಡಿ ಹಾಕಿದರು. ಅಷ್ಟೂ ನೀರು ಹಳದಿಯಾಗಿ, ಪರೀಕ್ಷೆಯಲ್ಲಿ ವಿಷ ಇಲ್ಲವೆಂದು ಬಂತು. ಹಳದಿ ನೀರೂ ಗಿಡಕ್ಕೆ ಒಳ್ಳೆಯದಲ್ಲ ಅಂತ ಟ್ಯಾಂಕರಿನಲ್ಲಿ ಸಾಗಿಸಿದರು. ತೊಟ್ಟಿ ತೊಳೆದೆವು, ಹೊಸ ನೀರು ತುಂಬುತ್ತಿದೆ. ಕೊನೆಯ ಸಾಲಿನ ಗುಲಾಬಿ ಒಣಗಿತು. ಉಳಿದವು ಬಾಡಿವೆ, ಆದರೆ ಬುಡ ಹಸಿರಿದೆ, ಉಗುರಿನಿಂದ ಕೆರೆದು ನೋಡಿದೆ.

ಮಗಳು ಕೂಗುತ್ತಿದ್ದಾಳೆ, "ಅಮ್ಮಾ, ತಟ್ಟೆ ಹಾಕಿ ಎಷ್ಟೊತ್ತಾಯ್ತು, ಅಪ್ಪಂಗೆ ಪುರಾಣ ಬರೀತಿದ್ದೀಯಾ?" ಅಕ್ಕನಿಗೆ ನಮಸ್ಕಾರ ಹೇಳಿ.

ನಿಮ್ಮವಳೇ

ಮರೆತೆ: ಮಾಲೀಕರು ನಿಮ್ಮ ಜಾಗಕ್ಕೆ ಬೇರೆಯವರನ್ನು ನೋಡಲಾ ಅಂತ ಬೆಳಿಗ್ಗೆ ಕೇಳಿದರು. "ಬೇಡ, ಭಾನುವಾರ ಅವರೇ ಬರ್ತಾರೆ, ಕಾಗದ ಬಂದಿದೆ" ಅಂದುಬಿಟ್ಟೆ. ಕಾಗದ ಎಲ್ಲಿ ಬಂತು? ಇವತ್ತು ನಾನೇ ಬರೆಯುತ್ತಿದ್ದೇನೆ. ಭಾನುವಾರದ ಮೊದಲ ಬಸ್ಸಿಗೆ ಮಗಳೂ ನಾನೂ ಸ್ಟ್ಯಾಂಡಿನಲ್ಲಿ ನಿಂತಿರುತ್ತೇವೆ.