ನಿನ್ನೆಯ ಡೋನಟ್

ನವೆಂಬರ್ 4, ಮಂಗಳವಾರ

ಬೊರಿವಲಿಯಲ್ಲಿ ಎರಡನೇ ಬೇಕರಿ ಮುಗಿಯಿತು. ಸ್ಟೇಷನ್ ಹತ್ತಿರದ್ದು. ಗಾಜಿನ ಬಾಗಿಲು, ಒಳಗೆ ಎಸಿ. ಪಿಸ್ತಾ ಡೋನಟ್ — ತಿಂದೆ. ಚಾಕೊಲೇಟ್ ಚಿಪ್ ಕುಕ್ಕಿ — ಅದನ್ನೂ ತಿಂದೆ. “ಅಂಡಾ ಹೈ ಕ್ಯಾ?” ಎಂದು ಮೂರು ಸಲ ಕೇಳಿದ್ದಕ್ಕೆ ಕೌಂಟರಿನವಳು, “ಆಂಟಿ, ಇಧರ್ ಸಬ್ ಎಗ್‌ಲೆಸ್” ಎಂದು ಹಸಿರು ಚುಕ್ಕೆ ತೋರಿಸಿದಳು.

ಮನೆಯಲ್ಲಿ ಭಜನಾ ಮಂಡಳಿಗೆ ಹೋಗುತ್ತೇನೆ ಎಂದಿದ್ದೇನೆ. ದೇವರು ಕ್ಷಮಿಸಲಿ. ಕ್ಷಮಿಸದಿದ್ದರೂ ಹೋಗುವವಳೇ.

ಎಲ್ಲ ಸೊಸೆ ಧಾತ್ರಿಗಾಗಿ. ಆಫೀಸು ಬಿಟ್ಟು ಏಪ್ರಿಲಿನಿಂದ ಮನೆಯಲ್ಲೇ ಡೋನಟ್ ಮಾಡುತ್ತಿದ್ದಾಳೆ. ಕಾಂದಿವಲಿಯ ಒಂದು ಕೆಫೆ ದಿನಾ ತರಿಸಿಕೊಳ್ಳುವ ಮಾತಾಡಿತ್ತು. ಹೋದ ವಾರ ಸ್ಯಾಂಪಲ್ ಒಯ್ದಳು. ಕೆಫೆಯವಳು ಒಂದು ತುಂಡು ಕಚ್ಚಿ, ಉಳಿದದ್ದನ್ನು ತಟ್ಟೆಗೆ ಹಾಕಿಬಿಟ್ಟಳಂತೆ. ಕಾರಣ ಹೇಳಲಿಲ್ಲ. ಇಪ್ಪತ್ತೊಂದಕ್ಕೆ ಇನ್ನೊಮ್ಮೆ ತನ್ನಿ, ಅದೇ ಕೊನೆ ಅಂದಳಂತೆ. ಧಾತ್ರಿ ಮನೆಗೆ ಬಂದು ಸಿಂಕ್ ಮುಂದೆ ನಿಂತು ಅತ್ತಳು. “ಅತ್ತೆ, ನೀವೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ರಲ್ಲ!”

ಅಂದಿದ್ದೆವು. ತಟ್ಟೆಗೆ ಬಂದದ್ದಕ್ಕೆ ನಮ್ಮ ಮನೆಯಲ್ಲಿ ಯಾರೂ ಕೊಂಕು ಹೇಳುವುದಿಲ್ಲ. ಚಿಕ್ಕವಳಿದ್ದಾಗ ಹುಳಿಗೆ ಉಪ್ಪಿಲ್ಲ ಅಂದದ್ದಕ್ಕೆ ಅಜ್ಜಿ ಎಲೆ ಮುಂದಿನಿಂದ ಎಬ್ಬಿಸಿ ಕಳಿಸಿದ್ದರು. ಅಂದಿನಿಂದ ಬಾಯಿಗೆ ಬೀಗ. ಅಲ್ಲದೆ ಡೋನಟ್ ಹೇಗಿರಬೇಕೆಂದು ನನಗೇನು ಗೊತ್ತು? ತೂತಿರುವ ಸಿಹಿ ಬನ್ನು ಅಂದುಕೊಂಡಿದ್ದೆ.

ಗೊತ್ತು ಮಾಡಿಕೊಳ್ಳುತ್ತೇನೆ. ಇಪ್ಪತ್ತೊಂದರ ಒಳಗೆ.

ನವೆಂಬರ್ 7, ಶುಕ್ರವಾರ. ಸಂಜೆ

ಬೈಕುಲ್ಲಾ. ದಾದರ್‌ನಲ್ಲಿ ಗಾಡಿ ಬದಲಿಸುವಷ್ಟರಲ್ಲಿ ಅರ್ಧ ಜೀವ ಹೋಯಿತು. ಹಳೇ ಬೇಕರಿ, ಕಟ್ಟಿಗೆ ಒಲೆ. ನಾನ್‌ಖಟಾಯಿ ತಿಂದೆ. ಬೆಣ್ಣೆ ಯಾವುದು, ಡಾಲ್ಡಾ ಯಾವುದು ಎಂದು ಈಗ ನಾಲಿಗೆಗೆ ತಿಳಿಯುತ್ತದೆ. ಡಾಲ್ಡಾ ಅಂಗುಳಿಗೆ ಅಂಟುತ್ತದೆ, ಬಿಡುವುದೇ ಇಲ್ಲ.

ಹೇಗಿದೆ ಎಂದು ಮಾಲೀಕ ಕೇಳಿದ, “ಕಸಂ ವಾಟಲಂ, ಮೌಶಿ?” ಬಾಯಿ ತಾನಾಗಿಯೇ “ಮಸ್ತ್” ಅಂದಿತು. ಸುಳ್ಳು. ತಳ ಸೀದಿತ್ತು. ನನ್ನ ಮೇಲೇ ಸಿಟ್ಟು ಬಂತು. ಸ್ಟೇಷನ್‌ವರೆಗೆ ಹೋದವಳು ತಿರುಗಿ ಬಂದೆ. “ಭಾವೂ, ನೀಚೇ ಸೇ ಜಲ್ ಗಯಾ ಹೈ.” ಒಂದನ್ನು ಮಗುಚಿ ನೋಡಿದ. “ಬರೋಬರ್ ಬೋಲಾ, ಮೌಶಿ” ಎಂದು ಇಡೀ ಟ್ರೇ ಒಳಗೆ ಒಯ್ದ.

ಇಷ್ಟೇನಾ? ಅರವತ್ತೊಂದು ವರ್ಷ ಸುಮ್ಮನೆ ಹೆದರಿಕೊಂಡಿದ್ದೆ.

ನವೆಂಬರ್ 12, ಬುಧವಾರ

ನಾಲ್ಕು ದಿನ ಹೊಟ್ಟೆ ಮುಷ್ಕರ ಹೂಡಿತ್ತು. ಓಮದ ನೀರು, ಗಂಜಿ. ಇವತ್ತು ಮತ್ತೆ ಎದ್ದೆ.

ಕಾಂದಿವಲಿ. ಆ ಕೆಫೆಯಲ್ಲ, ಬೇರೆ ಬೇಕರಿ. ಅಂಗಡಿಯೊಳಗೆ ಚಿನ್ನದ ಅಂಗಡಿಯ ಹಾಗೆ ಲೈಟು. ಗುಲಾಬಿ ಕೆನೆ ತುಂಬಿದ ಡೋನಟ್. ಅರ್ಧ ತಿನ್ನುವಷ್ಟರಲ್ಲಿ ಸಾಕೋ ಸಾಕಾಯಿತು. ಉಳಿದರ್ಧ ಡಬ್ಬಿಗೆ ಹಾಕಿ ಬ್ಯಾಗಿಗೆ ತುರುಕಿದೆ.

ಮನೆಗೆ ಬಂದರೆ ನಮ್ಮವರು ಸೆರಗನ್ನೇ ನೋಡುತ್ತಿದ್ದಾರೆ. “ಏನೇ ಕೌಸಲ್ಯಾ, ಭಜನೇಲಿ ಈಗ ಸಕ್ಕರೆ ಪುಡಿ ಎರಚ್ತಾರೇನೇ?”

“ಪ್ರಸಾದ,” ಅಂದೆ.

ನವೆಂಬರ್ 13, ಗುರುವಾರ. ಬೆಳಿಗ್ಗೆ

ಕನ್ನಡಕಕ್ಕೆಂದು ಬ್ಯಾಗಿಗೆ ಕೈ ಹಾಕಿದರೆ ಆ ಡಬ್ಬಿ. ತಂಗಳು. ನಮ್ಮಲ್ಲಿ ಮುಟ್ಟುವುದಿಲ್ಲ. ಎಸೆಯಲು ಹೊರಟೆ... ಬೆರಳಿಗೆ ಮೆತ್ತಗೆ ಸಿಕ್ಕಿತು. ಅದುಮಿದೆ, ಮೇಲೆದ್ದಿತು. ನಿನ್ನೆ ಹೇಗಿತ್ತೋ ಹಾಗೇ!

ಅಲ್ಲೇ ಕೂತುಬಿಟ್ಟೆ. ಧಾತ್ರಿಯ ಡೋನಟ್ ಬಾಣಲೆಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ. “ಬಿಸಿ ಬಿಸಿ ತಿನ್ನಿ ಅತ್ತೆ.” ಆರಿದ್ದನ್ನು ಒಬ್ಬರೂ ತಿಂದಿಲ್ಲ, ಅವಳೂ ತಿಂದಿಲ್ಲ. ಉಳಿದದ್ದನ್ನು ನಾನೇ ಬಿಸಿ ಇರುವಾಗಲೇ ವಾಚ್‌ಮನ್‌ಗೆ ಕೊಟ್ಟುಬಿಡುತ್ತಿದ್ದೆ. ಕೆಫೆಗೆ ಒಯ್ದದ್ದು ಮಾತ್ರ ಹಿಂದಿನ ದಿನ ಕರಿದಿಟ್ಟದ್ದು.

ಇವತ್ತು ಅವಳು ಕರಿದದ್ದರಲ್ಲಿ ಎರಡನ್ನು ಎತ್ತಿಡಬೇಕು.

ನವೆಂಬರ್ 14

ತಂಗಳು ತಿಂದೆ. ಜೀವನದಲ್ಲಿ ಮೊದಲ ಸಲ. ಎಳೆದರೆ ನಾರು, ಅಗಿದರೆ ಎಣ್ಣೆ. ಆ ಕೆಫೆಯವಳು ಒಂದು ತುಂಡಾದರೂ ನುಂಗಿದಳಲ್ಲ, ಪುಣ್ಯಾತ್ಗಿತ್ತಿ.

ಕಳ್ಳ ಸಿಕ್ಕಿದ. ಈಗ ಹೇಳಬೇಕು.

ನವೆಂಬರ್ 15, ಶನಿವಾರ

ಏಕಾದಶಿ. ತಿನ್ನುವ ಕೆಲಸಕ್ಕೆ ರಜ. ಹೇಳುವ ಕೆಲಸಕ್ಕಿಲ್ಲ.

ಮೊದಲು ಮಗನ ಕಿವಿಗೆ ಹಾಕಿದೆ. ಅಭಿರಾಮ್ ಕೈ ಮುಗಿದ. “ಅಮ್ಮಾ, ಬೇಡ. ಮೊದ್ಲೇ ಕುಗ್ಗಿದಾಳೆ. ಇನ್ನು ಆರೇ ದಿನ ಇರೋದು.”

“ಅದಕ್ಕೇ ಕಣೋ. ಇನ್ನೂ ಆರು ದಿನ ಇದೆ.”

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ ಎಂದು ಧಾತ್ರಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಬೇಕರಿ ಸುತ್ತಿದ್ದು, ತಂಗಳು ತಿಂದದ್ದು, ನಾರು, ಎಣ್ಣೆ. ಅವಳ ಮುಖ ಸಣ್ಣದಾಯಿತು.

“ಏಳು ತಿಂಗಳಿಂದ ತಿಂತಿದೀರಿ ಅತ್ತೆ. ಈಗ ಹೇಳ್ತೀರಾ?”

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೋವಾಯಿತು, ತುಂಬಾ. ಆದರೆ ಆಡಿದ ಮಾತನ್ನು ವಾಪಸ್ ತಗೊಳ್ಳುವುದಿಲ್ಲ.

ನವೆಂಬರ್ 18, ಮಂಗಳವಾರ

ಮನೆಯಲ್ಲಿ ಮಾತಿಲ್ಲ. “ಅತ್ತೆ, ಊಟ.” ಅಷ್ಟೇ. ಮೈದಾ ಡಬ್ಬಿ ಮುಟ್ಟಿಲ್ಲ.

ನಿನ್ನೆ ಮತ್ತೆ ಕಾಂದಿವಲಿಗೆ ಹೋಗಿ ಒಂದು ತಂದೆ. ಕೆನೆಯಿಲ್ಲದ್ದು. ಇವತ್ತು ಅದನ್ನೂ, ಗುರುವಾರ ಎತ್ತಿಟ್ಟ ಎರಡರಲ್ಲಿ ಅವಳದೊಂದು ಫ್ರಿಜ್ಜಿನ ಒಳಮೂಲೆಯ ಡಬ್ಬಿಯಲ್ಲಿ ಉಳಿದಿತ್ತು, ಅದನ್ನೂ ಎರಡು ತಟ್ಟೆಯಲ್ಲಿ ಮೇಜಿನ ಮೇಲಿಟ್ಟು ಭಜನೆಗೆ ಹೊರಟೆ. ಈ ಸಲ ನಿಜವಾಗಿ ಭಜನೆಗೆ.

ಬಂದು ನೋಡಿದರೆ ಎರಡರಲ್ಲೂ ಒಂದೊಂದು ತುಂಡು ಮುರಿದಿತ್ತು.

ನವೆಂಬರ್ 19, ಬುಧವಾರ. ಸಂಜೆ

ಧಾತ್ರಿ ಹಾಲಲ್ಲಿ ಒಂದಿಷ್ಟು ಮೈದಾ ಕದಡಿ ಗಂಜಿ ಹಾಗೆ ಕಾಯಿಸುತ್ತಿದ್ದಳು. ಅದನ್ನು ಆರಿಸಿ ಹಿಟ್ಟಿಗೆ ಸೇರಿಸಿದಳು. ಮೆತ್ತಗುಳಿಯಲೆಂದು ಇರಬೇಕು. ನಾನು ಕೇಳಲಿಲ್ಲ. ಏಲಕ್ಕಿ ಕುಟ್ಟಿ ಪಕ್ಕದಲ್ಲಿಟ್ಟು ಬಂದೆ.

ಕರಿದ ವಾಸನೆಗೆ ನಮ್ಮವರು ಎದ್ದು ಹೋಗಿ ತಟ್ಟೆಗೆ ಕೈ ಹಾಕಿದರು.

“ಮಾವ, ಮುಟ್ಬೇಡಿ. ನಾಳೆ.”

ನವೆಂಬರ್ 20, ಗುರುವಾರ. ಬೆಳಿಗ್ಗೆ

ಪೂಜೆ ಮುಗಿಸಿ ಬಂದೆ. ಧಾತ್ರಿ ಸ್ಟೀಲ್ ತಟ್ಟೆ ತಂದು ಮುಂದಿಟ್ಟಳು.

“ಅತ್ತೆ, ನಿನ್ನೇದು.”

ಸೊಸೆ ಅತ್ತೆಯ ಮುಂದೆ ತಂಗಳು ಇಟ್ಟಳೆಂದರೆ ಬೇರೆ ಮನೆಗಳಲ್ಲಿ ರಾದ್ಧಾಂತವಾಗುತ್ತದೆ. ನನಗೆ ಕಣ್ಣು ತುಂಬಿ ಬಂತು.

ಕಚ್ಚಿದೆ. ಮೆತ್ತಗಿತ್ತು. ನಿಜವಾಗಿಯೂ ಮೆತ್ತಗಿತ್ತು. ಎಣ್ಣೆಯ ಜಿಡ್ಡಿಲ್ಲ. “ಚೆನ್ನಾಗಿದೆ” ಎಂಬುದು ನಾಲಿಗೆ ತುದಿಗೆ ಬಂದೇ ಬಿಟ್ಟಿತ್ತು. ನುಂಗಿದೆ.

“ಮೆತ್ತಗಿದೆ ಕಣೇ. ಆದ್ರೆ ಒಳಗೆ ಹುಳಿ ವಾಸನೆ ಇದೆ. ಹಿಟ್ಟು ಜಾಸ್ತಿ ಹೊತ್ತು ಉಬ್ಬಿದೆ.”

ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆ ಅಂದುಕೊಂಡೆ. ಕುರ್ಚಿ ಎಳೆದು ಎದುರಿಗೆ ಕೂತಳು. ನಾನು ಕಚ್ಚಿ ಇಟ್ಟ ಡೋನಟ್ಟನ್ನೇ ಎತ್ತಿಕೊಂಡು ಕಚ್ಚಿದಳು. ನಿಧಾನಕ್ಕೆ ಅಗಿದಳು.

“ಹೌದು ಅತ್ತೆ. ಇದೆ.” ಬಾಯಿ ಒರೆಸಿಕೊಂಡಳು. “ಇನ್ನೇನಿದೆ? ಎಲ್ಲಾ ಹೇಳಿ. ಇವತ್ತೊಂದು ದಿನ ಕೈಲಿದೆ.”

ಹೇಳುತ್ತಲೇ ಇದ್ದೇನೆ. ಅಡುಗೆಮನೆಯಿಂದ ಮತ್ತೆ ಕೂಗುತ್ತಿದ್ದಾಳೆ, ಹಿಟ್ಟು ನೋಡಬೇಕಂತೆ. ಸಿಹಿಯ ವಿಷಯ ಇನ್ನೂ ಎತ್ತೇ ಇಲ್ಲ, ಮೇಲಿನ ಸಕ್ಕರೆ ಪಾಕ ಸ್ವಲ್ಪ —