ಸಹಿಗೆ ಮೊದಲು ಕನ್ನಡಕ

ಮನೆ, ಊಟದ ಮೇಜು
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಎಂಜಿನ್ ಕೋಣೆಯ ಏಣಿ ಹತ್ತುವಾಗ ಮಂಡಿ ಈಗಲೂ ನೋಯುತ್ತದೆಯೇ? ಅಮ್ಮ ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಯಾವುದೋ ಬೋಲ್ಟಿಗೆ ಹಾಕಿ ಮುಗಿಸಿದೆಯೋ? ನಾವಿಬ್ಬರೂ ಚೆನ್ನಾಗಿದ್ದೇವೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಅವಸರದಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲೇ ಕೂತು ಪರದೇಶದ ಕಾಲೇಜಿನಲ್ಲಿ ಓದುವ ನನ್ನ ಕೋರ್ಸು ಗೊತ್ತಲ್ಲ, "ಪಾಸ್‌ಪೋರ್ಟ್ ಇಲ್ದೆ ಫಾರಿನ್ನಾ?" ಎಂದು ನೀನು ನಕ್ಕಿದ್ದೆಯಲ್ಲ, ಅದೇ. ಅಂತರರಾಷ್ಟ್ರೀಯ ವ್ಯಾಪಾರ, ದೇಶದೇಶಗಳ ರಾಜಕೀಯ. ಪರದೆಯ ತುಂಬ ಆರು ದೇಶಗಳ ಮುಖಗಳು. ಕಳೆದ ವಾರ ಮೇಷ್ಟ್ರು ಆಟಕ್ಕೆ ನಮ್ಮನ್ನೊಂದು ಹಡಗು ಕಂಪನಿ ಮಾಡಿ, ಯುದ್ಧದ ಭಯವಿರುವ ಜಲಸಂಧಿಯಲ್ಲಿ ಸರಕು ಕಳಿಸುತ್ತೀರೋ, ಸುತ್ತುಬಳಸಿ ಕಳಿಸುತ್ತೀರೋ ಎಂದು ಕೇಳಿದರು. ನಾನು ಜಲಸಂಧಿ ಎಂದೆ. ಹನ್ನೆರಡು ದಿನ ಉಳಿಯುತ್ತದೆ. ಅಂಥ ಅಪಾಯದ ದಾರಿಗೆ ಹಡಗಿನ ಪ್ರತಿಯೊಬ್ಬ ಕೆಲಸಗಾರನ ಒಪ್ಪಿಗೆಯ ಸಹಿ ಬೇಕಲ್ಲ, ಹೇಗೆ ಪಡೆಯುತ್ತೀರಿ ಎಂದರು ಮೇಷ್ಟ್ರು. ಆಗ ನೀನು ನೆನಪಾದೆ. ಶಾಲೆಯದಿರಲಿ, ಬ್ಯಾಂಕಿನದಿರಲಿ, ಕನ್ನಡಕ ಹುಡುಕುವ ಗೋಜಿಗೇ ಹೋಗದೆ "ಎಲ್ಲಿ ಹಾಕ್ಬೇಕು, ಬೆರಳಿಟ್ಟು ತೋರ್ಸು" ಅನ್ನುತ್ತಿದ್ದವನು. ಒಪ್ಪಿಗೆ ಪತ್ರವನ್ನು ಮನೆಯಿಂದ ಬಂದ ಕಾಗದಗಳ ಜೊತೆ ಕೊಡೋಣ, ಅವನ್ನು ಓದುವ ಆತುರದಲ್ಲಿ ಅದನ್ನು ಯಾರೂ ಓದದೆ ಸಹಿ ಹಾಕುತ್ತಾರೆ ಎಂದೆ. ಎಲ್ಲರೂ ನಕ್ಕರು. ನನಗೇ ಹೆಚ್ಚು ಅಂಕ ಬಂತು.

ನಗದವಳು ಒಬ್ಬಳೇ, ಆ ಜಲಸಂಧಿಯ ದಡದ ಹುಡುಗಿ. ಅವಳ ಹಿಂದಿನ ಕಿಟಕಿಯ ಗಾಜಿಗೆಲ್ಲ, ಸ್ಫೋಟಕ್ಕೆ ಚೂರಾಗದಿರಲೆಂದು, ಅಂಟುಪಟ್ಟಿ ಹಚ್ಚಿತ್ತು. ನಿನ್ನೆ ಒಂದು ಹಡಗು ಉರಿಯುತ್ತಿತ್ತು, ನಮ್ಮ ಮಾಳಿಗೆಯಿಂದ ಕಂಡಿತು ಎಂದಷ್ಟೇ ಹೇಳಿದಳು. ಶುಕ್ರವಾರದಿಂದ ಅವಳು ತರಗತಿಗೆ ಬಂದಿಲ್ಲ.

ಇವತ್ತು ನಿಮ್ಮ ಕಂಪನಿಗೆ ಫೋನ್ ಮಾಡಿದೆ. "ದಾರಿ ಬದಲಾಗಿದೆಯಮ್ಮ, ಹನ್ನೆರಡು ದಿನ ಮೊದ್ಲೇ ಬರ್ತಾರೆ, ಖುಷಿಪಡಿ" ಎಂದ ಗುಮಾಸ್ತ. ಅಮ್ಮ ಖುಷಿಪಟ್ಟು ನಿನ್ನ ದಿಂಬನ್ನು ಬಿಸಿಲಿಗೆ ಹಾಕಿದ್ದಾಳೆ. ಅವಳಿಗೆ ನಾನೇನೂ ಹೇಳಿಲ್ಲ. ನನಗೆ ತುಂಬಾ ಭಯವಾಗುತ್ತಿದೆ ಅಪ್ಪಾ.

ಅಮ್ಮ ನಿನ್ನನ್ನು ದಿನಾ ನೆನೆಸಿಕೊಳ್ಳುತ್ತಾಳೆ. ಹುಷಾರಾಗಿರು.

ನಿನ್ನ
ಬಾಲಂಗೋಚಿ

ತಾ.ಕ.: ಹಡಗಿನ ಫೋನು ಮನೆಯವರಿಗೆ ಸಿಗುವುದಿಲ್ಲವಂತೆ. ಮುಂದಿನ ಬಂದರಿನಲ್ಲಿ ಏಜೆಂಟ್ ಇದನ್ನು ಕಂಪನಿಯ ಕಾಗದದ ಜೊತೆಗೇ ನಿನಗೆ ಕೊಡುತ್ತಾನಂತೆ. ಆ ಇನ್ನೊಂದು ಕಾಗದ ಯಾವುದೆಂದು ನನಗೆ ಗೊತ್ತು. ಕನ್ನಡಕ ನೀಲಿ ಚೀಲದ ಒಳಜೇಬಿನಲ್ಲಿದೆ, ನಾನೇ ಇಟ್ಟಿದ್ದೆ. ಆ ಜಲಸಂಧಿಗೆ ಒಲ್ಲೆ ಎನ್ನುವ ಹಕ್ಕು ನಿನಗಿದೆ, ಸಹಿ ಹಾಕಬೇಡ. ನಿನ್ನ ಕೈಗೆ ಅದೇ ಮೊದಲು ಸಿಕ್ಕಿಬಿಟ್ಟರೆ ಎಂಬ ಹೆದರಿಕೆಗೆ, ಕನ್ನಡಕವಿಲ್ಲದೆಯೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಲಕೋಟೆಯ ಮೇಲೆ ಬರೆದಿದ್ದೇನೆ: ಅಪ್ಪಾ, ಮೊದಲು ಇದನ್ನು ಓದು.